ಶಿಲೆಗಳ ಚರಿತ್ರಕಾರ ರಾಬರ್ಟ್ ಬ್ರೂಸ್ ಫೂಟ್

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರಲ್ಲಿ ಜನಿಸಿದ ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಮುಂದಿನ ಮೂರು ದಶಕಗಳನ್ನು ದಕ್ಷಿಣ ಭಾರತದ ಶಿಲೆಗಳ ಅಧ್ಯಯನದಲ್ಲಿ ಕಳೆದರು.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಜಲ್ಲಿಯ ನಡುವೆ, ಮನುಷ್ಯನ ಕೈ ತಿದ್ದಿದ ಕಲ್ಗೊಡಲಿಯೊಂದು ಅವರಿಗೆ ದೊರೆಯಿತು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅದೇ ನಾಂದಿಯಾಯಿತು.

ಅವರ ಭೂವೈಜ್ಞಾನಿಕ ಸಾಧನೆಯೂ ಅಷ್ಟೇ ಹಿರಿದು. ಬೆಣಚುಗ್ರಾನೈಟಿನ ವಿಶಾಲ ನೆಲದ ನಡುವೆ ಉದ್ದನೆಯ ಪಟ್ಟಿಗಳಾಗಿ ಹಬ್ಬಿರುವ ಪದರಶಿಲೆಗಳನ್ನು ಪ್ರತ್ಯೇಕಿಸಿ, ಅವುಗಳಿಗೆ ಧಾರವಾಡದ ಹೆಸರನ್ನಿತ್ತರು. ಪುರಾತನ ಲಾವಾ ಮತ್ತು ಕಡಲತಳದ ನಿಕ್ಷೇಪಗಳು ಮಡಿಚಿ, ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ರೂಪಾಂತರಗೊಂಡುದರಿಂದ ಈ ಶಿಲೆಗಳು ಉಂಟಾದವು. ಕೋಲಾರ, ಹಟ್ಟಿಗಳ ಚಿನ್ನವೂ ಸಂಡೂರಿನ ಕಬ್ಬಿಣ, ಮ್ಯಾಂಗನೀಸುಗಳೂ ಇಂಥ ಪಟ್ಟಿಗಳ ಸಂಪತ್ತು. ಕಬ್ಬಿಣಯುಕ್ತ ಗಟ್ಟಿ ಪದರಗಳು ಸವೆಯದೆ ನಿಂತುದರಿಂದ ಸಂಡೂರಿನಲ್ಲಿ ನೀಳವಾದ ಬೆಟ್ಟಸಾಲುಗಳಾದವು. ಆದವಾನಿ, ರಾಯದುರ್ಗಗಳ ಗ್ರಾನೈಟು ಬಿರುಕುಗಳಗುಂಟ ಸೀಳಿ ಬಂಡೆಗಳ ರಾಶಿಯಾಯಿತು. ಈ ಶಿಲೆಗಳ ವಯಸ್ಸನ್ನು ವರ್ಷಗಳಲ್ಲಿ ಅಳೆಯುವ ವಿಧಾನ ಅಂದು ಇರಲಿಲ್ಲ. ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವೆಂಬುದು ತಿಳಿದದ್ದು ಫೂಟರ ಕಾಲಾನಂತರ. ಅವುಗಳ ಪೂರ್ವಾಪರವನ್ನು ಅವರು ಕೇವಲ ಕಣ್ಣಳತೆ, ಕಾಲ್ನಡಿಗೆಗಳ ಬಲದಿಂದ ಗುರುತಿಸಿದ್ದರು.

ಆಗ ಆದವಾನಿ, ರಾಯದುರ್ಗಗಳನ್ನೂ ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯ ಕುರಿತ ಅವರ ಭೂವೈಜ್ಞಾನಿಕ ಗ್ರಂಥ 1895ರಲ್ಲಿ ಪ್ರಕಟವಾಯಿತು. ಕಪ್ಪಗಲ್ಲಿನ ಗುಡ್ಡದಲ್ಲಿ ನವಶಿಲಾಯುಗದವರು ಕಲ್ಗೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯನ್ನು ಅವರು ಕಂಡರು. ಗುಡ್ಡವನ್ನು ಸೀಳಿಕೊಂಡು ಬಂದ ಡಾಲರೈಟಿನ ಕರಿಗಲ್ಲೇ ಆ ಜನರನ್ನು ಅಲ್ಲಿಗೆ ಸೆಳೆದಿತ್ತು. ಈ ಸೀಮೆಯ ಬೂದಿದಿಬ್ಬಗಳಲ್ಲೊಂದನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬಿದ್ದರು. ಅಂಥ ದಿಬ್ಬಗಳು ದನಗಳ ಸಗಣಿ ಸುಟ್ಟು ಉಂಟಾದವೆಂದು ಫೂಟ್ ನಿರ್ಣಯಿಸಿದರು. 1950ರ ದಶಕದಲ್ಲಿ ಊಟ್ನೂರಿನಲ್ಲಿ ನಡೆದ ಉತ್ಖನನ ಆ ನಿರ್ಣಯವನ್ನು ಸಮರ್ಥಿಸಿತು.

1891ರಲ್ಲಿ ನಿವೃತ್ತರಾದ ಫೂಟ್ ಬಳಿಕ ಬರೋಡ, ಮೈಸೂರು ಸಂಸ್ಥಾನಗಳಲ್ಲಿಯೂ ಸೇವೆ ಸಲ್ಲಿಸಿ ಏರ್ಕಾಡಿನಲ್ಲಿ ನೆಲೆಸಿದರು. ಅವರು ಕೂಡಿಸಿದ ಪ್ರಾಚ್ಯವಸ್ತುಗಳನ್ನು ಮದರಾಸಿನ ವಸ್ತುಸಂಗ್ರಹಾಲಯವು 1904ರಲ್ಲಿ ಕೊಂಡುಕೊಂಡಿತು. 1912ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. 1953ರಲ್ಲಿ ಬಳ್ಳಾರಿ ಜಿಲ್ಲೆ ವಿಭಜನೆಗೊಂಡು ಆದವಾನಿ, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಫೂಟರ ಗ್ರಂಥದಲ್ಲಿ ಮಾತ್ರ ಆ ಸೀಮೆಯೆಲ್ಲ ಇಂದಿಗೂ ಒಂದೇ ನೆಲವಾಗಿ ಉಳಿದಿದೆ.