ಇಬ್ನು ಖಲ್ದೂನ್ ಮತ್ತು ನಮ್ಮ ವಿಜಯಪುರ

ಇಬ್ನು ಖಲ್ದೂನ್(ರ) ಹುಟ್ಟಿದ್ದು 1332ರಲ್ಲಿ, ಟ್ಯೂನಿಸ್‌ನಲ್ಲಿ. ಹದಿಹರೆಯದಲ್ಲೇ ಪ್ಲೇಗ್ ರೋಗಕ್ಕೆ ತಂದೆತಾಯಿಯನ್ನು ಕಳೆದುಕೊಂಡರು. ಹಲವು ಸುಲ್ತಾನರ ಸೇವೆ, ಸೆರೆಮನೆ ಎಲ್ಲವನ್ನೂ ಕಂಡು, 1377ರಲ್ಲಿ ಒಂದು ಕೋಟೆಯ ಏಕಾಂತದಲ್ಲಿ ‘ಮುಕದ್ದಿಮ’ ಬರೆದರು. ಮುಂದೆ ಕೈರೋದಲ್ಲಿ ಖಾಝಿಯಾದರು. ಪತ್ನಿ, ಮಕ್ಕಳು ಬರುತ್ತಿದ್ದ ಹಡಗು ಮುಳುಗಿತು. 1406ರಲ್ಲಿ ಅಲ್ಲಿಯೇ ನಿಧನರಾದರು.

ಬುಡಕಟ್ಟಿನ ಒಗ್ಗಟ್ಟಿನಿಂದ ರಾಜ್ಯ, ರಾಜ್ಯದಿಂದ ನಗರ ಎಂಬುದು ಅವರ ವಾದ. ದಖ್ಖನ್ ನಾಡನ್ನು ಅವರು ಕಂಡವರಲ್ಲ. ಈ ಮಾತು ನಮ್ಮೂರಿಗೆ ಹೊಂದುತ್ತದೆಯೇ? ಪೂರ್ತಿಯಾಗಿ ಇಲ್ಲ. 1490ರಲ್ಲಿ ಆದಿಲ್‌ಶಾಹಿಯನ್ನು ಕಟ್ಟಿದ ಯೂಸುಫ್ ಆದಿಲ್ ಖಾನ್ ಬಹಮನಿಗಳ ಸರದಾರರು. ಅವರ ಬೆನ್ನಿಗೆ ಬುಡಕಟ್ಟಿರಲಿಲ್ಲ. ಆದರೆ ಸುತ್ತಲಿನ ನಾಡು ಜನರನ್ನು ಕಳುಹಿಸುತ್ತಿದ್ದರೆ ರಾಜ್ಯ ಅಳಿದರೂ ನಗರ ಉಳಿಯುತ್ತದೆಂದೂ ಅವರು ಬರೆದಿದ್ದಾರೆ. ಆದಿಲ್‌ಶಾಹಿ 1686ರಲ್ಲೇ ಮುಗಿಯಿತು. ಬೆಳಿಗ್ಗೆ ತಿಕೋಟಾ, ಬಬಲೇಶ್ವರದ ಬಸ್ಸುಗಳಿಂದ ಇಳಿಯುವವರನ್ನು ಒಮ್ಮೆ ನೋಡಿ.