ಕ್ಷ-ಕಿರಣಗಳ ರಾಂಟ್‌ಜನ್

ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜನ್ 1845ರ ಮಾರ್ಚ್ 27ರಂದು ಜರ್ಮನಿಯ ಲೆನೆಪ್ ಎಂಬ ಊರಿನಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಏಕಮಾತ್ರ ಪುತ್ರನಾಗಿ ಜನಿಸಿದರು. ಅವರು ಬೆಳೆದುದು ತಾಯಿಯ ನಾಡಾದ ಹಾಲೆಂಡಿನಲ್ಲಿ. ಉಟ್ರೆಕ್ಟ್ ನಗರದ ಶಾಲೆಯಲ್ಲಿ ಸಹಪಾಠಿಯೊಬ್ಬ ಅಧ್ಯಾಪಕರ ವ್ಯಂಗ್ಯಚಿತ್ರ ಬರೆದಾಗ, ಬರೆದವನ ಹೆಸರು ಹೇಳಲೊಪ್ಪದ ಕಾರಣಕ್ಕೆ ರಾಂಟ್‌ಜನ್ನರನ್ನೇ ಶಾಲೆಯಿಂದ ಹೊರಹಾಕಲಾಯಿತು. ಆ ಮೌನಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಶಾಲೆಯ ಪ್ರಮಾಣಪತ್ರವಿಲ್ಲದ ಅವರು 1865ರಲ್ಲಿ ಪ್ರವೇಶ ಪರೀಕ್ಷೆ ಬರೆದು ಜ್ಯೂರಿಚ್‌ನ ತಾಂತ್ರಿಕ ವಿದ್ಯಾಲಯವನ್ನು ಸೇರಿದರು. 1869ರಲ್ಲಿ ಡಾಕ್ಟರೇಟ್ ಪಡೆದ ಬಳಿಕವೂ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯವು ಅದೇ ಕೊರತೆಯನ್ನು ಮುಂದೊಡ್ಡಿ ಬೋಧಕ ಅರ್ಹತೆಯನ್ನು ನಿರಾಕರಿಸಿತು. ಮುಂದೆ 1888ರಲ್ಲಿ ಅದೇ ವಿಶ್ವವಿದ್ಯಾಲಯವು ಅವರನ್ನು ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು.

1895ರ ನವೆಂಬರ್ 8ರ ಸಂಜೆ ಅವರು ಕತ್ತಲೆಯ ಕೋಣೆಯಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಯೊಂದಕ್ಕೆ ಕಪ್ಪು ರಟ್ಟನ್ನು ಹೊದಿಸಿ ವಿದ್ಯುತ್ತನ್ನು ಹರಿಸಿದರು. ತುಸು ದೂರದಲ್ಲಿದ್ದ, ಬೇರಿಯಂ ಪ್ಲಾಟಿನೋಸಯನೈಡ್ ಲೇಪಿಸಿದ ಕಾಗದದ ಪರದೆ ಮಿನುಗಿತು. ಕೊಳವೆಯೊಳಗಿನ ಕ್ಯಾಥೋಡ್ ಕಿರಣಗಳು ಗಾಳಿಯಲ್ಲಿ ಅಷ್ಟು ದೂರ ಸಾಗಲಾರವು. ರಟ್ಟಿನೊಳಗಿಂದ ಬೆಳಕೂ ಹೊರಬರಲಾರದು. ಇಂತಹ ಕೊಳವೆಗಳು ಆಗ ಅನೇಕ ಪ್ರಯೋಗಾಲಯಗಳಲ್ಲಿದ್ದವು. ಆದರೆ ಆ ಸಣ್ಣ ಮಿನುಗನ್ನು ಪ್ರಶ್ನೆಯಾಗಿ ಕಂಡವರು ರಾಂಟ್‌ಜನ್. ಮುಂದಿನ ಏಳು ವಾರ ಅವರು ಒಬ್ಬರೇ ಪರೀಕ್ಷೆ ನಡೆಸಿದರು. ಡಿಸೆಂಬರ್ 22ರಂದು ಪತ್ನಿ ಆನಾ ಬರ್ಥಾ ಅವರ ಕೈಯನ್ನು ಛಾಯಾಫಲಕದ ಮೇಲಿರಿಸಿದಾಗ ಬೆರಳಿನ ಮೂಳೆಗಳೂ ಉಂಗುರವೂ ಅದರಲ್ಲಿ ಮೂಡಿದವು. ಡಿಸೆಂಬರ್ 28ರಂದು ಅವರು ತಮ್ಮ ಪ್ರಬಂಧವನ್ನು ಒಪ್ಪಿಸಿದರು.

ಆ ಪ್ರಬಂಧದ ಒಂದು ನಿರ್ಣಯ ದೂರಗಾಮಿಯಾದುದು. ಮಸೂರದಿಂದ ಈ ಕಿರಣಗಳನ್ನು ಬಾಗಿಸಿ ಒಂದೆಡೆ ಕೂಡಿಸಲು ಅವರಿಂದಾಗಲಿಲ್ಲ. ಕ್ಯಾಮೆರಾ ಬೆಟ್ಟವನ್ನೂ ಅಂಗೈಯಗಲದ ಚಿತ್ರವಾಗಿಸುತ್ತದೆ. ಕ್ಷ-ಕಿರಣಕ್ಕೆ ಆ ಸೌಕರ್ಯವಿಲ್ಲ. ಅದು ಕೊಡುವುದು ನೆರಳನ್ನು ಮಾತ್ರ. ನೆರಳನ್ನು ಹಿಡಿಯುವ ಫಲಕವು ಎದೆಯಷ್ಟೇ ಅಗಲವಿರಬೇಕು. ಮೊದಲು ಗಾಜಿನ ಛಾಯಾಫಲಕ, ಬಳಿಕ ಫಿಲ್ಮು ಈ ಕೆಲಸವನ್ನು ಮಾಡಿದವು. ಇಂದು ಸುಮಾರು 43 ಸೆಂಟಿಮೀಟರ್ ಅಗಲದ ಚಪ್ಪಟೆ ಫಲಕಗಳು ಬಂದಿವೆ. ಹರಳುರೂಪದ ಸಿಲಿಕಾನ್ ಬಿಲ್ಲೆಯನ್ನು ಅಷ್ಟು ಅಗಲಕ್ಕೆ ಬೆಳೆಸುವುದು ಸುಲಭಸಾಧ್ಯವಲ್ಲ. ಆದಕಾರಣ ಹರಳಿನ ಕಟ್ಟಿಲ್ಲದ ಸಿಲಿಕಾನನ್ನು ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಪದರವಾಗಿ ಗಾಜಿನ ಮೇಲೆ ಹರಡಿ, ಅದರಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಚೌಕಗಳನ್ನು ರೂಪಿಸುತ್ತಾರೆ. ಮೇಲಿರುವ ಸೀಸಿಯಂ ಅಯೊಡೈಡ್ ಲೇಪ ಕಿರಣವನ್ನು ಬೆಳಕಾಗಿಸುತ್ತದೆ. ಚೌಕಗಳು ಆ ಬೆಳಕನ್ನು ವಿದ್ಯುತ್ತಾಗಿಸುತ್ತವೆ. ಕ್ಷಣಗಳಲ್ಲಿ ಚಿತ್ರವು ಕಂಪ್ಯೂಟರಿನಲ್ಲಿ ಮೂಡುತ್ತದೆ. ಕಾಣದ ಕಿರಣವನ್ನು ಕಾಣುವ ಬೆಳಕಾಗಿಸುವ ಲೇಪ ಎಂಬ ತತ್ತ್ವ ಮಾತ್ರ ಅಂದು ಮಿನುಗಿದ ಕಾಗದದ ಪರದೆಯದೇ.

1901ರಲ್ಲಿ ಭೌತವಿಜ್ಞಾನದ ಪ್ರಥಮ ನೊಬೆಲ್ ಪ್ರಶಸ್ತಿ ರಾಂಟ್‌ಜನ್ನರಿಗೆ ಸಂದಿತು. ಪ್ರಶಸ್ತಿಯ ಹಣವನ್ನು ಅವರು ಒಮ್ಮೆ ತಮ್ಮನ್ನು ನಿರಾಕರಿಸಿದ್ದ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. ತಮ್ಮ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದು ಮನುಕುಲದ ಸೊತ್ತೆಂದು ಭಾವಿಸಿದರು. ಆದುದರಿಂದಲೇ ಕೆಲವೇ ತಿಂಗಳುಗಳಲ್ಲಿ ಹಲವು ದೇಶಗಳ ವೈದ್ಯರು ಅದನ್ನು ಕೈಗೆತ್ತಿಕೊಂಡರು. ಇಂದು ಹೊಸೂರಿನಲ್ಲಾಗಲಿ ಕೃಷ್ಣಗಿರಿಯಲ್ಲಾಗಲಿ ಮುರಿದ ಕೈಯನ್ನು ಹಿಡಿದು ಆಸ್ಪತ್ರೆಗೆ ಬರುವ ಕೂಲಿಕಾರನೂ ಆ ಔದಾರ್ಯದ ಪಾಲುದಾರನೇ.

1919ರಲ್ಲಿ ಪತ್ನಿ ತೀರಿಕೊಂಡರು. ಯುದ್ಧಾನಂತರದ ಹಣದುಬ್ಬರ ಅವರ ಉಳಿತಾಯವನ್ನು ಕರಗಿಸಿತು. 1923ರ ಫೆಬ್ರವರಿ 10ರಂದು ಮ್ಯೂನಿಚ್‌ನಲ್ಲಿ ಅವರು ನಿಧನರಾದರು. ಅನ್ಯರು ಆ ಕಿರಣಗಳಿಗೆ ಅವರ ಹೆಸರನ್ನಿಟ್ಟರೂ ಅವರು ಒಲಿದುದು ಬೀಜಗಣಿತದಲ್ಲಿ ಅಜ್ಞಾತವನ್ನು ಸೂಚಿಸುವ ಎಕ್ಸ್ ಎಂಬ ಅಕ್ಷರವನ್ನು. ಕನ್ನಡದಲ್ಲಿ ಅದು ‘ಕ್ಷ’ ಆಗಿ ಉಳಿದಿದೆ. ತಾನು ಕಂಡುದಕ್ಕಿಂತ ಕಾಣದುದೇ ಹೆಚ್ಚೆಂದು ತಿಳಿದಿದ್ದ ವಿದ್ವಾಂಸನ ವಿನಯ ಆ ಒಂದು ಅಕ್ಷರದಲ್ಲಿ ಅಡಗಿದೆ.