ಐದಕ್ಕೆ ಐದೂ ಗೆದ್ದ ಬ್ಲೂಯಿ ವಿಲ್ಕಿನ್ಸನ್

ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಪಂದ್ಯ ನಮ್ಮ ಕಡೆ ಅಪರೂಪ. ಅಂಡಾಕಾರದ ಮಣ್ಣಿನ ಓಟದಂಕಣದಲ್ಲಿ ನಾಲ್ವರು ಸವಾರರು ನಾಲ್ಕು ಸುತ್ತು ಹಾಕಬೇಕು. ಗಾಡಿಗೆ ಬ್ರೇಕೇ ಇರುವುದಿಲ್ಲ! ತಿರುವಿನಲ್ಲಿ ಎಡಗಾಲನ್ನು ನೆಲಕ್ಕೆ ಊರಿ, ಹಿಂದಿನ ಚಕ್ರವನ್ನು ಜಾರಿಸುತ್ತಲೇ ಗಾಡಿಯನ್ನು ಹೊರಳಿಸಬೇಕು.

ಈ ಆಟದಲ್ಲಿ ಹೆಸರಾದ ಆರ್ಥರ್ ಜಾರ್ಜ್ ವಿಲ್ಕಿನ್ಸನ್ ಹುಟ್ಟಿದ್ದು 1911ರಲ್ಲಿ, ಆಸ್ಟ್ರೇಲಿಯಾದ ಮಿಲ್‌ಥಾರ್ಪ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಹತ್ತಿರದ ಬ್ಯಾಥರ್ಸ್ಟ್‌ನಲ್ಲಿ. ಕೆಂಗೂದಲಿನವರನ್ನು ಆ ದೇಶದವರು ತಮಾಷೆಗೆ 'ಬ್ಲೂಯಿ', ಅಂದರೆ ನೀಲಿ, ಎಂದು ಕರೆಯುತ್ತಾರೆ. ಇವನಿಗೂ ಅದೇ ಹೆಸರು ನಿಂತಿತು. 1929ರಲ್ಲಿ, ಹದಿನೆಂಟರ ಆಸುಪಾಸಿನಲ್ಲೇ, ಹಡಗು ಹತ್ತಿ ಲಂಡನ್ನಿಗೆ ಹೋಗಿ ವೆಸ್ಟ್ ಹ್ಯಾಮ್ ತಂಡ ಸೇರಿದ.

1936ರಲ್ಲಿ ವೆಂಬ್ಲಿಯಲ್ಲಿ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ಅಂತಿಮ ಪಂದ್ಯ ನಡೆಯಿತು. ಹದಿನಾರು ಸವಾರರು, ತಲಾ ಐದು ಓಟ, ಗೆದ್ದ ಓಟಕ್ಕೆ 3 ಅಂಕ. ಬ್ಲೂಯಿ ಐದಕ್ಕೆ ಐದನ್ನೂ ಗೆದ್ದು 15 ಅಂಕ ಪಡೆದ. ಆದರೂ ಮೂರನೆಯವನಾದ! ಹಿಂದಿನ ಸುತ್ತುಗಳಲ್ಲಿ ಗಳಿಸಿದ ಬೋನಸ್ ಅಂಕಗಳನ್ನೂ ಕೂಡಿಸಬೇಕೆಂಬ ನಿಯಮವಿತ್ತು. ಅವನ ಬೋನಸ್ 10, ಒಟ್ಟು 25. ಲಯನೆಲ್ ವ್ಯಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ಇಬ್ಬರದೂ 26. ಆ ಇಬ್ಬರನ್ನೂ ಬ್ಲೂಯಿ ಅದೇ ರಾತ್ರಿ ಸೋಲಿಸಿದ್ದ! ಸಮನಾಗಿ ನಿಂತವರ ನಡುವೆ ಇನ್ನೊಂದು ಓಟ ನಡೆದು ವ್ಯಾನ್ ಪ್ರಾಗ್ ಚಾಂಪಿಯನ್ ಆದ. ನಿಯಮ ಮೊದಲೇ ಗೊತ್ತಿದ್ದದ್ದೇ, ಮೋಸವೆನ್ನಲಾಗದು. ಕ್ರೀಡಾಕೂಟದಲ್ಲಿ ವೈಯಕ್ತಿಕ ಚಾಂಪಿಯನ್‌ಷಿಪ್ಪಿನ ಅಂಕ ಎಣಿಸಲು ಕೂತ ಮೇಷ್ಟರುಗಳಿಗೆ ಇಂಥ ಸಂಕಟ ಹೊಸದಲ್ಲ. ಆದರೂ ಒಂದು ಓಟವನ್ನೂ ಸೋಲದವನು ಮೂರನೆಯವನಾದದ್ದು ನನಗಂತೂ ಇಂದಿಗೂ ಸರಿಕಾಣುವುದಿಲ್ಲ.

ಅವನು ಆಟ ಬಿಡಲಿಲ್ಲ. 1938ರಲ್ಲಿ ಮತ್ತೆ ವೆಂಬ್ಲಿಯ ಅಂತಿಮ ಪಂದ್ಯಕ್ಕೆ ಬಂದ. ಹಿಂದಿನ ರಾತ್ರಿಯಷ್ಟೇ ಇನ್ನೊಂದು ಪಂದ್ಯದಲ್ಲಿ ಬಿದ್ದು ಕೊರಳೆಲುಬು ಮುರಿದಿತ್ತು. ಪಟ್ಟಿ ಬಿಗಿದುಕೊಂಡೇ ಗಾಡಿ ಹತ್ತಿದ. ಸ್ಪೀಡ್‌ವೇಯಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಭುಜದ ಬಲವೇ. ಪ್ರತಿ ತಿರುವಿನಲ್ಲೂ ಆ ನೋವು ಎಷ್ಟಿದ್ದಿರಬೇಕು! ಈ ಸಲವೂ ಅದೇ ಬೋನಸ್ ನಿಯಮವಿತ್ತು. ಎಲ್ಲವನ್ನೂ ಕೂಡಿಸಿದರೂ ಅವನೇ ಮೊದಲಿಗ. ಆ ವರ್ಷದ ವಿಶ್ವ ಚಾಂಪಿಯನ್.

ಪಟ್ಟ ಸಿಕ್ಕ ಮೇಲೆ ಸ್ಪರ್ಧೆಯಿಂದ ನಿವೃತ್ತನಾದ. 1940ರ ಜುಲೈ 27ರಂದು ಸಿಡ್ನಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೊಂಬತ್ತು ತುಂಬಲು ಇನ್ನೊಂದು ತಿಂಗಳಿತ್ತು.